ಗವಿ ನೋಡಿ ಬಂದ ಜೀಪ್ ಡ್ರೈವರನ ಅಹವಾಲು

ಚಿಕ್ಕಮಗಳೂರು ಜಿಲ್ಲೆಯ ಪ್ರವಾಸೋದ್ಯಮ ನೋಡಿಕೊಳ್ಳುವ ಅಧಿಕಾರಿಗಳಿಗೆ, ಮತ್ತು ನನ್ನ ಹಾಗೆ ಗಿರಿಗೆ ಗಾಡಿ ಓಡಿಸುವ ಅಣ್ಣತಮ್ಮಂದಿರಿಗೆ,

ಮಾನ್ಯರೆ,

14 ವರ್ಷದಿಂದ ಚಿಕ್ಕಮಗಳೂರಿನಲ್ಲಿ ಜೀಪ್ ಓಡಿಸುತ್ತಿದ್ದೇನೆ. ಮುಳ್ಳಯ್ಯನಗಿರಿ, ಸೀತಾಳಯ್ಯನಗಿರಿ, ಗಾಳಿಕೆರೆ, ಮಾಣಿಕ್ಯಧಾರಾ, ಝರಿ ಫಾಲ್ಸ್, ಸೀಸನ್ನಿನಲ್ಲಿ ಕೆಮ್ಮಣ್ಣುಗುಂಡಿ. ಕೈಮರದ ಚೆಕ್‌ಪೋಸ್ಟಿನ ನಾಯಿಗಳು ನನ್ನ ಗಾಡಿ ಬಂದರೆ ತಲೆ ಕೂಡ ಎತ್ತುವುದಿಲ್ಲ, ಅಷ್ಟು ಪರಿಚಯ. ಇದುವರೆಗೆ ನಾನು ಸಹಿ ಹಾಕಿದ ಅರ್ಜಿಗಳೆಲ್ಲ ರಸ್ತೆ ಗುಂಡಿ, ಪಾರ್ಕಿಂಗ್, ಶೌಚಾಲಯದ ಬಗ್ಗೆ. ಈ ಸಲ ಬರೆಯುತ್ತಿರುವುದು ಒಂದು ಗವಿಯ ಬಗ್ಗೆ. ಅದೂ ನಮ್ಮ ಜಿಲ್ಲೆಯ ಗವಿಯಲ್ಲ, ನಮ್ಮ ರಾಜ್ಯದ್ದೂ ಅಲ್ಲ. ದಯವಿಟ್ಟು ಕೊನೆತನಕ ಓದಿ. ಕೇಳುವುದು ಒಂದೇ ಒಂದು, ಅದಕ್ಕೆ ದುಡ್ಡೂ ಜಾಸ್ತಿ ಬೇಕಿಲ್ಲ.

ನನ್ನ ಹೆಂಡತಿಯ ತವರು ಚಳ್ಳಕೆರೆ ಕಡೆ. ಅಲ್ಲಿ ಒಂದು ಗೃಹಪ್ರವೇಶಕ್ಕೆ ಹೋಗಿದ್ದೆವು. ಊಟ ಮುಗಿಸಿ ಕೂತಿದ್ದಾಗ ಭಾವಮೈದ, 'ಭಾವ, ಊರಿನವರನ್ನೆಲ್ಲ ಟೂರ್ ಮಾಡಿಸ್ತೀರಿ, ನೀವು ಏನು ನೋಡಿದ್ದೀರಿ ಹೇಳಿ' ಎಂದ. ಉತ್ತರ ಇರಲಿಲ್ಲ. ಮಾರನೇ ದಿನ ಬೆಳಗಿನ ಜಾವವೇ ಅವನ ಕಾರಿನಲ್ಲಿ ಹೊರಟೆವು. ಕಲ್ಯಾಣದುರ್ಗ, ಅನಂತಪುರ, ತಾಡಿಪತ್ರಿ ದಾಟಿ ಆಂಧ್ರದ ಬೇಲಂ ಗುಹೆಗೆ. ಗಾಡಿ ಅವನೇ ಓಡಿಸಿದ. 14 ವರ್ಷದಲ್ಲಿ ಮೊದಲ ಸಲ ನಾನು ಎಡಗಡೆ ಸೀಟಿನಲ್ಲಿ ಕೂತು ಪ್ರವಾಸಿಯಾದೆ. ಸುಮ್ನೆ ಕೂರಲು ಬರಲಿಲ್ಲ ಬಿಡಿ, ದಾರಿಯುದ್ದಕ್ಕೂ ಬಲಗಾಲು ಬ್ರೇಕ್ ಹುಡುಕುತ್ತಲೇ ಇತ್ತು.

ತಾಡಿಪತ್ರಿ ದಾಟಿದ ಮೇಲೆ ರಸ್ತೆ ಪಕ್ಕದಲ್ಲೆಲ್ಲ ಕಪ್ಪು ಕಲ್ಲಿನ ಹಾಸುಗಳ ರಾಶಿ. ಲಾರಿಗಳ ಸಾಲು. ಸಿಮೆಂಟ್ ಧೂಳು. ನಾನು ಗುಡ್ಡ ಹುಡುಕುತ್ತಿದ್ದೆ. ಗುಹೆ ಎಂದ ಮೇಲೆ ಗುಡ್ಡ ಇರಬೇಕಲ್ವಾ? ನಮ್ಮ ಲೆಕ್ಕ ಅದು. ಅಲ್ಲಿ ನೋಡಿದರೆ ಹಾಸಿಟ್ಟ ಹಾಗೆ ಬಯಲು, ಹೊಲ, ದೂರಕ್ಕೆ ಕಾಣುವ ಒಂದು ದೊಡ್ಡ ಬುದ್ಧನ ವಿಗ್ರಹ. ಆ ಬಯಲಿನ ನಡುವೆ ನೆಲ ಕುಸಿದು ಬಾವಿಯ ಹಾಗೆ ಆಗಿರುವ ಬಾಯಿಗಳು. ಅದರಲ್ಲಿ ಒಂದಕ್ಕೆ ಮೆಟ್ಟಿಲು ಕಟ್ಟಿದ್ದಾರೆ. ಗುಹೆಗೆ ಹತ್ತಿ ಹೋಗುವುದಲ್ಲ, ಇಳಿದು ಹೋಗುವುದು. ಬಿಲ ಎಂಬ ಮಾತಿನಿಂದಲೇ ಬೇಲಂ ಆಯಿತಂತೆ. ನಾವು ಇಲಿಯ ಬಿಲ, ಹಾವಿನ ಬಿಲ ಅನ್ನುತ್ತೇವಲ್ಲ, ಅದೇ ಬಿಲ.

ಬಿಲ ಎಂದರೆ ಎಂಥದ್ದು ಅಂತೀರಿ. ಅಳೆದಿರುವ ಉದ್ದವೇ 3,229 ಮೀಟರ್. ನಮ್ಮ ದೇಶದ ಬಯಲು ನಾಡಿನಲ್ಲಿರುವ ಗುಹೆಗಳಲ್ಲಿ ಇದಕ್ಕಿಂತ ಉದ್ದದ್ದು ಇಲ್ಲ. ಮೇಘಾಲಯದ ಬೆಟ್ಟಗಳಲ್ಲಿ 30 ಕಿಲೋಮೀಟರ್ ದಾಟಿದ ಗವಿಯೂ ಇದೆ, ಆ ಮಾತು ಬೇರೆ. ಬೇಲಂನಲ್ಲಿ ನಮ್ಮಂಥವರಿಗೆ ಬಿಟ್ಟಿರುವುದು ಒಂದೂವರೆ ಕಿಲೋಮೀಟರ್. ಅಷ್ಟಕ್ಕೇ ಅಂಗಿ ಬೆವರಿನಲ್ಲಿ ತೊಯ್ದು ಹೋಗುತ್ತದೆ. ಹೊರಗಿನ ಗಾಳಿಯನ್ನು ಕೊಳವೆಯಲ್ಲಿ ಒಳಗೆ ಊದುತ್ತಾರೆ. ಆ ಕೊಳವೆಯ ಬಾಯಿ ಸಿಕ್ಕ ಕಡೆಯೆಲ್ಲ ನನ್ನ ಮಗ ಮುಖ ಒಡ್ಡಿಕೊಂಡು ನಿಂತುಬಿಡುತ್ತಿದ್ದ.

ನಮಗೆ ಸಿಕ್ಕ ಗೈಡ್ ವಯಸ್ಸಾದವರು. ಮಾತೆಲ್ಲ ತೆಲುಗು. ನನಗೆ ತೆಲುಗು ಅರ್ಧಂಬರ್ಧ. ಹೆಂಡತಿಗೆ ಚೆನ್ನಾಗಿ ಬರುತ್ತದೆ, ಅವಳೇ ಹೇಳುತ್ತಾ ಬಂದಳು. ನಡುವೆ ತನ್ನದೂ ಒಂದಿಷ್ಟು ಸೇರಿಸುತ್ತಿದ್ದಳು ಎಂಬ ಅನುಮಾನ ಈಗಲೂ ಇದೆ.

ಒಳಗೆ ಇಳಿದ ಕೂಡಲೇ ನಾನು ಅಂದುಕೊಂಡೆ: ಈಗ ಶುರುವಾಗುತ್ತೆ ನೋಡು, ಈ ಕಲ್ಲು ಗಣಪತಿ ಥರ ಇದೆ, ಆ ಕಲ್ಲು ಆನೆ ಥರ ಇದೆ. ನಾವೂ ಅದನ್ನೇ ಅಲ್ವಾ ಮಾಡುವುದು? ಅದೂ ಇತ್ತು. ಸಿಂಹದ ತಲೆಯ ಹಾಗೆ ಕಾಣುವ ಕಲ್ಲಿನ ಕಮಾನು ತೋರಿಸಿ 'ಸಿಂಹದ್ವಾರ' ಎಂದರು. ಮಗಳು 'ಅಪ್ಪಾ, ಇದು ಬೆಕ್ಕು' ಅಂದಳು. ಹೆಂಡತಿ ಅದನ್ನು ಗೈಡಿಗೆ ಹೇಳಿದಾಗ ಅವರು ನಕ್ಕು, ಅದಕ್ಕೆ ಪಿಲ್ಲಿದ್ವಾರಂ ಅಂತಲೂ ಹೆಸರಿದೆ ಎಂದರು. ತೆಲುಗಿನ ಪಿಲ್ಲಿ ಎಂದರೆ ಬೆಕ್ಕೇ. ಮಗಳಿಗೆ ಆ ದಿನವೆಲ್ಲ ಕಾಲು ನೆಲದ ಮೇಲೆ ಇರಲಿಲ್ಲ.

ಆದರೆ ಅವರು ಅಲ್ಲಿಗೇ ನಿಲ್ಲಿಸಲಿಲ್ಲ. ನನ್ನ ಹೆಂಡತಿಯನ್ನು ಕೇಳಿದರು: 'ಅಮ್ಮಾ, ನಿಮ್ಮ ಅಡುಗೆಮನೆ ಕಟ್ಟೆಗೆ ಯಾವ ಕಲ್ಲು ಹಾಕಿಸಿದ್ದೀರಿ?'

'ಕಡಪ ಕಲ್ಲು.'

'ಅದರ ಮೇಲೆ ನಿಂಬೆರಸ ಚೆಲ್ಲಿದರೆ ಏನಾಗುತ್ತೆ?'

'ಬೆಳ್ಳಗೆ ಕಲೆ ಬೀಳುತ್ತೆ. ಎಷ್ಟು ತಿಕ್ಕಿದರೂ ಹೋಗಲ್ಲ.'

'ಈ ಗುಹೆ ಆಗಿರುವುದು ಅದೇ ಕಲೆಯಿಂದ ಅಮ್ಮಾ' ಎಂದರು.

ನಾನು ಅಲ್ಲೇ ನಿಂತೆ. ಒಂದು ಮಾತಿನಲ್ಲಿ ಮೂರು ಕಿಲೋಮೀಟರಿನ ಗುಹೆ ನಮ್ಮ ಅಡುಗೆಮನೆಗೆ ಬಂದುಬಿಟ್ಟಿತ್ತು. ಕಡಪ ಕಲ್ಲು ಎಂದರೆ ಸುಣ್ಣದ ಕಲ್ಲು. ಆ ಸೀಮೆಯ ನೆಲದಡಿ ಹಾಸಿಕೊಂಡಿರುವುದು ಅದೇ ಜಾತಿಯ ಕಲ್ಲು. ನಾವು ದಾರಿಯಲ್ಲಿ ನೋಡಿದ ಹಾಸುಗಳೂ ಅದೇ, ಸಿಮೆಂಟ್ ಕಾರ್ಖಾನೆಗಳು ಅಲ್ಲಿಗೆ ಬಂದಿರುವುದೂ ಅದಕ್ಕೇ. ಮಳೆನೀರು ಆಕಾಶದಿಂದ ಬೀಳುವಾಗ, ಮಣ್ಣಿನಲ್ಲಿ ಇಂಗುವಾಗ ಇಂಗಾಲದ ಡೈಆಕ್ಸೈಡನ್ನು ಹೀರಿಕೊಂಡು ಸ್ವಲ್ಪವೇ ಸ್ವಲ್ಪ ಹುಳಿಯಾಗುತ್ತದೆ. ನಿಂಬೆರಸದಷ್ಟು ಹುಳಿಯೇನಲ್ಲ. ಸೋಡಾ ನೀರಿನ ಹುಳಿ, ಅದನ್ನೂ ಚೆನ್ನಾಗಿ ತೆಳು ಮಾಡಿದ ಹಾಗೆ. ಆ ನೀರು ಕಲ್ಲಿನ ಬಿರುಕಿಗೆ ಇಳಿದು ಸುಣ್ಣವನ್ನು ಕರಗಿಸುತ್ತಾ ಹೋಗುತ್ತದೆ. ಬಿರುಕು ಸಂದಿಯಾಗಿ, ಸಂದಿ ಕಾಲುವೆಯಾಗಿ, ನೆಲದಡಿ ಹೊಳೆಯೇ ಹರಿಯುತ್ತದೆ. ಆಮೇಲೆ ನೀರು ಇನ್ನೂ ಕೆಳಗೆ ಇಳಿದುಹೋದರೆ ಖಾಲಿ ದಾರಿ ಉಳಿಯುತ್ತದೆ. ನಾವು ನಡೆದಿದ್ದು ಆ ಖಾಲಿ ದಾರಿಯಲ್ಲಿ. ಗೋಡೆಗಳು ಯಾರೋ ಕೈಯಲ್ಲಿ ಸವರಿದ ಹಾಗೆ ನುಣುಪು. ನಮ್ಮ ಹಳ್ಳದ ಬಂಡೆಗಳನ್ನು ನೋಡಿದವರಿಗೆ ಅದು ನೀರಿನ ಕೆಲಸ ಎಂದು ಯಾರೂ ಹೇಳಬೇಕಿಲ್ಲ. ಆದರೆ ನೀರು ಕರಗಿಸುತ್ತದೆ ಎಂಬುದು ನನಗೆ ಹೊಸದು. ಸವೆಸುತ್ತದೆ ಎಂದಷ್ಟೇ ತಿಳಿದಿದ್ದೆ.

ಕರಗಿದ ಸುಣ್ಣ ಎಲ್ಲಿಗೆ ಹೋಯಿತು? ಅದನ್ನೂ ಅವರೇ ಕೇಳಿ ಅವರೇ ಹೇಳಿದರು. ಮೇಲಿನಿಂದ ತೊಟ್ಟಿಕ್ಕುವ ಹನಿ ಗುಹೆಯ ಗಾಳಿಗೆ ಬಂದಾಗ ಅದರಲ್ಲಿರುವ ಇಂಗಾಲದ ಡೈಆಕ್ಸೈಡ್ ಹಾರಿಹೋಗುತ್ತದೆ. ಹುಳಿ ಕಮ್ಮಿಯಾದ ನೀರಿಗೆ ಸುಣ್ಣವನ್ನು ಹೊತ್ತುಕೊಂಡಿರಲು ಆಗುವುದಿಲ್ಲ. ಚೂರು ಸುಣ್ಣ ಅಲ್ಲೇ ಬಿಟ್ಟು ಬೀಳುತ್ತದೆ. ಹನಿ ಹನಿ ಹಾಗೆ ಬಿಟ್ಟದ್ದು ಚಾವಣಿಯಿಂದ ಇಳಿಬಿದ್ದರೆ ಸ್ಟ್ಯಾಲಕ್ಟೈಟ್. ನೆಲಕ್ಕೆ ಬಿದ್ದ ಹನಿ ಕಟ್ಟಿ ಮೇಲೆದ್ದರೆ ಸ್ಟ್ಯಾಲಗ್ಮೈಟ್. ಎರಡೂ ಸೇರಿದರೆ ಕಂಬ. ನನ್ನ ಅತ್ತೆಮನೆಯಲ್ಲಿ ಗಡಸು ನೀರು, ಸ್ನಾನದ ಹಂಡೆಯ ಒಳಗೆಲ್ಲ ಬಿಳಿ ಪೊರೆ ಕಟ್ಟಿಕೊಂಡು ಕೂತಿರುತ್ತದೆ. 'ಅದೇ ಇದು' ಎಂದಳು ಹೆಂಡತಿ. ಇದು ಗೈಡ್ ಹೇಳಿದ್ದೋ ಅವಳು ಸೇರಿಸಿದ್ದೋ ಗೊತ್ತಿಲ್ಲ. ಸರಿಯಾಗಿಯೇ ಇದೆ.

ಒಂದು ಕಡೆ ದೊಡ್ಡ ಕಂಬ, ಸುತ್ತ ಚಾವಣಿಯಿಂದ ಕಲ್ಲಿನ ಬಿಳಲುಗಳು. ಊಡಲಮರ್ರಿ ಅಂತಾರಂತೆ, ಬಿಳಲು ಬಿಟ್ಟ ಆಲದ ಮರ. ಕೆಳಗೆ ನಿಂತು ಕತ್ತೆತ್ತಿ ನೋಡಿದರೆ ಬೇರೆ ಹೆಸರೇ ಹೊಳೆಯುವುದಿಲ್ಲ. ಇನ್ನೊಂದು ಕಡೆ ಸಾವಿರ ಹೆಡೆ, ಮತ್ತೊಂದು ಕಡೆ ಕೋಟಿಲಿಂಗಗಳು. ಇವನ್ನೆಲ್ಲ ನಾನು ಬಣ್ಣಿಸಲು ಹೋದರೆ ಕೆಡಿಸುತ್ತೇನೆ, ಹೋಗಿ ನೋಡಿ. ಹೇಳಬೇಕಾದ್ದು ಅವು ಬೆಳೆಯುವ ಲೆಕ್ಕ. ಇಂಥ ಕಲ್ಲು ಬೆಳೆಯುವುದು ಸಾಮಾನ್ಯವಾಗಿ ವರ್ಷಕ್ಕೆ ಮಿಲಿಮೀಟರಿನ ಹತ್ತನೇ ಒಂದು ಭಾಗದ ಆಸುಪಾಸು. ನೀರು, ಬಿಸಿ, ಸುಣ್ಣ ನೋಡಿಕೊಂಡು ಹೆಚ್ಚುಕಮ್ಮಿ ಆಗುತ್ತದೆ. ಬೇಲೂರಿನ ಚೆನ್ನಕೇಶವ ದೇವಸ್ಥಾನ ಆಗಿದ್ದು 1117ರಲ್ಲಿ. ಅವತ್ತು ಒಂದು ಹನಿ ಶುರು ಮಾಡಿದ್ದರೆ ಇವತ್ತಿಗೆ ಅದು ನಾಲ್ಕೈದು ಬೆರಳಗಲ ಆಗಿರುತ್ತಿತ್ತು, ಅಷ್ಟೇ.

ಮುಟ್ಟಬೇಡಿ ಎಂದು ಅಲ್ಲಿ ಹೇಳುತ್ತಲೇ ಇರುತ್ತಾರೆ. ಯಾಕೆ ಅಂತ ಮಗಳು ಕೇಳಿದಳು. ನಮ್ಮ ಕೈಯಲ್ಲಿ ಸದಾ ಒಂದಿಷ್ಟು ಎಣ್ಣೆಜಿಡ್ಡು ಇರುತ್ತದೆ. ಅದು ಅಂಟಿದ ಕಡೆ ನೀರು ಹರಡಿಕೊಳ್ಳುವುದಿಲ್ಲ, ಸುಣ್ಣ ಕಟ್ಟುವುದಿಲ್ಲ. ಕಲ್ಲು ಕಪ್ಪಾಗಿ ಬೆಳವಣಿಗೆ ನಿಂತುಹೋಗುತ್ತದೆ. ಇದನ್ನು ಕೇಳಿದ ಮೇಲೆ ನನ್ನ ಮಗ ಎರಡೂ ಕೈಯನ್ನು ಚಡ್ಡಿ ಜೇಬಿನಲ್ಲಿ ಇಟ್ಟುಕೊಂಡು ನಡೆದ. 'ಮುಟ್ಟಿದರೆ ದಂಡ' ಎಂದಿದ್ದರೆ ಖಂಡಿತ ಮುಟ್ಟುತ್ತಿದ್ದ, ನನ್ನ ಮಗನ ಬಗ್ಗೆ ನನಗೆ ಗೊತ್ತು.

ನನ್ನ ವಿಷಯ ಹೇಳಿಬಿಡುತ್ತೇನೆ. ಅಲ್ಲಿ ಸಪ್ತಸ್ವರಗಳ ಗುಹೆ ಎಂಬ ಕೋಣೆ ಇದೆ, 2006ರಲ್ಲಿ ಜನರಿಗೆ ತೆರೆದದ್ದು. ಕಲ್ಲುಗಳನ್ನು ಗೆಣ್ಣಿನಿಂದ ತಟ್ಟಿದರೆ ಲೋಹದ ಹಾಗೆ ನಾದ ಬರುತ್ತದೆ. ನಾನೂ ತಟ್ಟಿದೆ. ಎರಡು ಸಲ. ಚೆನ್ನಾಗಿತ್ತು. ಹೊರಗೆ ಬಂದ ಮೇಲೆ, ನನ್ನಂಥವರು ದಿನಕ್ಕೆ ಎಷ್ಟು ಜನ ತಟ್ಟುತ್ತಾರೋ ಎಂಬ ಯೋಚನೆ ಬಂದು ಕೈಯನ್ನು ನೋಡಿಕೊಂಡೆ. ಇನ್ನೊಂದು ತಪ್ಪು ಇದಕ್ಕಿಂತ ದೊಡ್ಡದು. ದಾರಿಯಲ್ಲಿ ಬಿದ್ದಿದ್ದ ಒಂದು ಬಿಳಿ ಚೂರನ್ನು ಯಾರೂ ನೋಡದಾಗ ಎತ್ತಿ ಜೇಬಿಗೆ ಹಾಕಿದ್ದೆ. ಹೆಬ್ಬೆರಳಿನ ಉಗುರಿನಷ್ಟಿದೆ. ಬಿದ್ದಿದ್ದೇ ತಾನೇ, ನಾನೇನು ಮುರಿದಿಲ್ಲವಲ್ಲ ಎಂದು ಸಮಾಧಾನ ಮಾಡಿಕೊಂಡೆ. 2022ರಲ್ಲಿ ನಮ್ಮ ಗಿರಿಯಲ್ಲಿ ಕುರಿಂಜಿ ಅರಳಿದಾಗ ಹೂವು ಕಿತ್ತವರನ್ನು ನಾನು ಬಾಯಿಗೆ ಬಂದ ಹಾಗೆ ಬೈದಿದ್ದೆ. 'ಬಿದ್ದಿತ್ತು ಅಣ್ಣ' ಎಂದು ಅವರಲ್ಲೂ ಎಷ್ಟೋ ಜನ ಹೇಳಿದ್ದರು.

ಕೊನೆಗೆ ಪಾತಾಳಗಂಗೆ. ಬಾಗಿಲಿನಿಂದ 46 ಮೀಟರ್ ಆಳ, ಹದಿನೈದು ಮಹಡಿ ಇಳಿದ ಹಾಗೆ. ಅಲ್ಲಿ ಸಣ್ಣದಾಗಿ ನೀರು ಹರಿಯುತ್ತದೆ, ಹರಿದು ಕಲ್ಲಿನೊಳಗೆ ಮಾಯವಾಗುತ್ತದೆ. ಎರಡು ಕಿಲೋಮೀಟರ್ ದೂರದ ಬೇಲಂ ಊರಿನ ಬಾವಿಗೆ ಆ ನೀರು ಹೋಗುತ್ತದೆ ಎಂದು ಅಲ್ಲಿಯ ಜನ ನಂಬಿದ್ದಾರೆ. ಗೈಡ್ ಹೇಳಿದ ರೀತಿ ನನಗೆ ಇಷ್ಟವಾಯಿತು. 'ಜನ ಹೀಗೆ ನಂಬುತ್ತಾರೆ' ಎಂದರೇ ಹೊರತು, 'ಹೋಗುತ್ತೆ' ಎನ್ನಲಿಲ್ಲ.

ಈ ಮಾತು ನನಗೆ ಚುಚ್ಚಿತು. ಯಾಕೆ ಎಂದರೆ, ಮುಳ್ಳಯ್ಯನಗಿರಿಯ ಮೆಟ್ಟಿಲು ಹತ್ತುವ ಹಾದಿಯಲ್ಲೂ ಒಂದು ಸಣ್ಣ ಗವಿ ಇದೆ. ನಾನು ಎಷ್ಟೋ ವರ್ಷ ಪಾರ್ಟಿಗಳಿಗೆ, 'ಈ ಗವಿಯಿಂದ ಸುರಂಗ ಇದೆ ಸಾರ್, ನೇರ ಶೃಂಗೇರಿಗೆ ಹೋಗುತ್ತೆ, ಬ್ರಿಟಿಷರು ಮುಚ್ಚಿಸಿದರು' ಎಂದು ಹೇಳಿಕೊಂಡು ಬಂದವನು. ಬ್ರಿಟಿಷರನ್ನು ಸೇರಿಸಿದ್ದು ನಾನೇ. ಅದು ಸೇರಿದ ಮೇಲೆ ಟಿಪ್ಸ್ ಜಾಸ್ತಿಯಾಯಿತು.

ಇಂಥ ಕಥೆ ಹೇಳುವವನು ನಾನೊಬ್ಬನೇ ಅಲ್ಲ. ಯಾಕೆ ಹೇಳುತ್ತೇವೆ ಅಂದರೆ, ಹೇಳುವುದಕ್ಕೆ ಬೇರೆ ಏನೂ ಗೊತ್ತಿಲ್ಲ. ಗಾಡಿ ಹತ್ತಿದವರು ಏನಾದರೂ ಕೇಳುತ್ತಾರೆ, ಏನಾದರೂ ಹೇಳಬೇಕು. ಐದಾರು ವರ್ಷದ ಹಿಂದೆ ಒಬ್ಬ ಹಿರಿಯರನ್ನು ಗಿರಿಗೆ ಕರೆದುಕೊಂಡು ಹೋಗಿದ್ದೆ. ಕಾಲೇಜಿನಲ್ಲಿ ಭೂವಿಜ್ಞಾನ ಪಾಠ ಮಾಡಿ ನಿವೃತ್ತರಾದವರು. ರಸ್ತೆ ಪಕ್ಕ ನಿಲ್ಲಿಸಲು ಹೇಳಿ ಒಂದು ಕಲ್ಲು ಎತ್ತಿ ತೋರಿಸಿದರು. ಸೀರೆಯ ಅಂಚಿನ ಹಾಗೆ ಗೆರೆಗೆರೆ, ಒಂದು ಕಪ್ಪು, ಒಂದು ಕೆಂಪು. 'ಈ ಗೆರೆ ಯಾಕೆ ಬಂತು ಗೊತ್ತಾ?' ಎಂದು ಕೇಳಿದರು. 'ಮಳೆಗೆ ಸಾರ್. ವರ್ಷವರ್ಷ ಹೊಡೆದು ಹೊಡೆದು ಹಂಗಾಗಿದೆ' ಎಂದೆ. ಅವರು ನಗಲಿಲ್ಲ. ಅಲ್ಲೇ ನಿಂತು ಹೇಳಿದರು. ನನಗೆ ಕೈಮರದಲ್ಲಿ ಇನ್ನೊಂದು ಬಾಡಿಗೆ ಕಾಯುತ್ತಿತ್ತು. ಹೂಂ ಹೂಂ ಎಂದೆ.

ಅವರು ಹೇಳಿದ್ದೆಲ್ಲ ನೆನಪಾಗಿದ್ದು ಬೇಲಂನ ಮೆಟ್ಟಿಲು ಹತ್ತಿ ಹೊರಗೆ ಬಂದು ಬೆಳಕಿಗೆ ಕಣ್ಣು ಕಿರಿದು ಮಾಡಿಕೊಂಡು ನಿಂತಾಗ. ಊರಿಗೆ ಬಂದ ಮೇಲೆ ಮಗಳನ್ನು ಕೂರಿಸಿಕೊಂಡು ಹುಡುಕಿ ಓದಿದೆ. ನಮ್ಮ ಬಾಬಾಬುಡನ್ ಗಿರಿಶ್ರೇಣಿಯ ಆ ಗೆರೆಕಲ್ಲು 250 ಕೋಟಿ ವರ್ಷಕ್ಕೂ ಹಳೆಯದು. ಆಗ ಇಲ್ಲಿ ಬೆಟ್ಟ ಇರಲಿಲ್ಲ, ಸಮುದ್ರ ಇತ್ತು. ಮರ ಇಲ್ಲ, ಮೀನಿಲ್ಲ. ಸಮುದ್ರದ ನೀರಿನಲ್ಲಿ ಕಬ್ಬಿಣ ಕರಗಿಕೊಂಡಿತ್ತು. ಕಣ್ಣಿಗೆ ಕಾಣದ ಜೀವಿಗಳು ಆಮ್ಲಜನಕ ಬಿಡಲು ಶುರುಮಾಡಿದಾಗ ಆ ಕಬ್ಬಿಣ ತುಕ್ಕಾಗಿ ತಳಕ್ಕೆ ಕೂತಿತು. ಒಂದು ಪದರ ತುಕ್ಕು, ಅದರ ಮೇಲೆ ಒಂದು ಪದರ ಗಾಜಿನಂಥ ಸಿಲಿಕಾ, ಮತ್ತೆ ತುಕ್ಕು. ಅದೇ ಆ ಗೆರೆ.

ಮಲೆನಾಡಿನ ಮಳೆಯಲ್ಲಿ ಗಾಡಿ ಓಡಿಸುವವನಿಗೆ ತುಕ್ಕು ಎಂದರೆ ಏನು ಎಂದು ಕೇಳಬೇಡಿ. ಪ್ರತಿ ವರ್ಷ ಮಳೆ ಮುಗಿದ ಮೇಲೆ ಚಾಸಿಸ್ ಅಡಿ ಮಲಗಿ ಕೆರೆದು ಬಣ್ಣ ಹೊಡೆಯುತ್ತೇನೆ. 14 ವರ್ಷದಿಂದ ಆ ತುಕ್ಕಿಗೆ ಬೈಯುತ್ತಾ, ತುಕ್ಕಿನ ಬೆಟ್ಟದ ಮೇಲೆಯೇ ಗಾಡಿ ಓಡಿಸುತ್ತಿದ್ದೆ ನೋಡಿ! ಕೆಮ್ಮಣ್ಣುಗುಂಡಿಯ ಹೆಸರಿನಲ್ಲೇ ಇದೆ ಕೆಂಪು ಮಣ್ಣು. ಭದ್ರಾವತಿಯ ಕಬ್ಬಿಣದ ಕಾರ್ಖಾನೆಗೆ ಅದಿರು ಹೋಗಿದ್ದು ಅಲ್ಲಿಂದ. ಕುದುರೆಮುಖದಲ್ಲಿ ಗಣಿ ನಡೆದಿದ್ದೂ ಕಬ್ಬಿಣದ ಅದಿರಿಗಾಗಿಯೇ, ಸುಪ್ರೀಂ ಕೋರ್ಟ್ ಹೇಳಿದ ಮೇಲೆ 2005ರ ಕೊನೆಗೆ ಅದು ನಿಂತಿತು.

ಇನ್ನೊಂದು ಸಂಗತಿ ಸಿಕ್ಕಿತು. ಬೇಲಂ ಗುಹೆಯ ಬಗ್ಗೆ 1884ರಲ್ಲಿ ಮೊದಲು ಬರೆದಿಟ್ಟವರು ರಾಬರ್ಟ್ ಬ್ರೂಸ್ ಫೂಟ್ ಎಂಬ ಬ್ರಿಟಿಷ್ ಭೂವಿಜ್ಞಾನಿ. ಕರ್ನಾಟಕದ ಹಳೆಯ ಕಲ್ಲುಗಳಿಗೆ ಧಾರವಾಡದ ಹೆಸರು ಇಟ್ಟವರೂ ಅವರೇ. ನಮ್ಮ ಗಿರಿಯ ಕಲ್ಲೂ ಆ ಧಾರವಾಡ ಗುಂಪಿಗೇ ಸೇರಿದ್ದು. ಬೇಲಂನ ಸುಣ್ಣದ ಕಲ್ಲೂ ಒಂದು ಕಾಲದ ಸಮುದ್ರದ ತಳವೇ, 50 ಕೋಟಿ ವರ್ಷಕ್ಕೂ ಹಿಂದಿನದು. ನಮ್ಮ ಗಿರಿಯ ಮುಂದೆ ಅದು ಮೊಮ್ಮಗು. ಚಳ್ಳಕೆರೆ ಮೇಲೆ ಅಷ್ಟು ದೂರ ಹೋಗಿ ಬಾಯಿ ಬಿಟ್ಟುಕೊಂಡು ನೋಡಿದವನ ಮನೆ ಹಿಂದೆಯೇ ಅದರ ಅಜ್ಜ ಕೂತಿತ್ತು.

ಈಗ ಕೇಳಬೇಕಾದ್ದಕ್ಕೆ ಬರುತ್ತೇನೆ.

ಸ್ಟ್ಯಾಂಡಿನಲ್ಲಿ ಬೇಲಂ ಕಥೆ ಹೇಳಿದಾಗ ನಮ್ಮ ಹುಡುಗರು, 'ನಮ್ಮಲ್ಲೂ ಗವಿ ಇದೆ, ಬಣ್ಣದ ಲೈಟ್ ಹಾಕಿಸಲಿ, ಟಿಕೆಟ್ ಇಡಲಿ' ಎಂದರು. ದಯವಿಟ್ಟು ಅಂಥ ಅರ್ಜಿ ಬಂದರೆ ಪಕ್ಕಕ್ಕಿಡಿ. ಒಂದು, ನಮ್ಮ ಗಿರಿಯ ಕಲ್ಲು ಸುಣ್ಣದ ಕಲ್ಲಲ್ಲ. ಇಲ್ಲಿ ನೀರು ಹಾಗೆ ಕರಗಿಸಿ ಗುಹೆ ಕೊರೆಯುವುದಿಲ್ಲ, ಹನಿ ಹಾಗೆ ಕಂಬ ಕಟ್ಟುವುದಿಲ್ಲ. ಅಂಥದ್ದು ನಮ್ಮ ರಾಜ್ಯದಲ್ಲೇ ನೋಡಬೇಕೆಂದರೆ ದಾಂಡೇಲಿ ಕಾಡಿನ ಕವಳಾ ಗುಹೆ ಇದೆ. ಅಲ್ಲಿ ಹನಿ ಕಟ್ಟಿ ಎದ್ದ ಕಲ್ಲನ್ನು ಶಿವಲಿಂಗ ಎಂದು ಪೂಜಿಸುತ್ತಾರೆ. ಇನ್ನೊಂದು, ಗವಿಯೊಳಗೆ ದೀಪ ಇಟ್ಟ ಕಡೆ ಪಾಚಿ ಬರುತ್ತದೆ. ಪಾಚಿಯ ಬಗ್ಗೆ ಮಲೆನಾಡಿನವರಿಗೆ ಪಾಠ ಬೇಡ. ಫ್ರಾನ್ಸಿನಲ್ಲಿ ಲಾಸ್ಕೋ ಎಂಬ ಗುಹೆ ಇದೆಯಂತೆ, ಸಾವಿರಾರು ವರ್ಷ ಹಳೆಯ ಚಿತ್ರಗಳಿರುವುದು. 1948ರಲ್ಲಿ ಜನರಿಗೆ ತೆರೆದರು. ನೋಡಲು ಬಂದವರ ಉಸಿರು, ದೀಪದ ಬೆಳಕು ಸೇರಿ ಗೋಡೆಗೆ ಪಾಚಿ ಹತ್ತಿತು. 1963ರಲ್ಲಿ ಬಾಗಿಲು ಹಾಕಿದರು. ಆಮೇಲೆ ಪಕ್ಕದಲ್ಲಿ ಅದರ ನಕಲು ಕಟ್ಟಿ ಜನಕ್ಕೆ ಅದನ್ನು ತೋರಿಸುತ್ತಿದ್ದಾರೆ. ಉಸಿರಾಡಿಯೇ ಹಾಳುಮಾಡಿದೆವು ಅಂದರೆ ನೋಡಿ.

ನನ್ನ ಬೇಡಿಕೆ ಇದು. ಬೇಲೂರು, ಹಳೇಬೀಡಿಗೆ ಹೋದರೆ ಗೈಡ್‌ಗಳಿದ್ದಾರೆ. ಈ ಕಲ್ಲು ಬಳಪದ ಕಲ್ಲು, ಗಣಿಯಿಂದ ತೆಗೆದಾಗ ಮೆತ್ತಗಿರುತ್ತೆ, ಅದಕ್ಕೇ ಇಷ್ಟು ಸಣ್ಣ ಕೆತ್ತನೆ ಆಯಿತು ಎಂದು ಬಿಡಿಸಿ ಹೇಳುತ್ತಾರೆ. ಮನುಷ್ಯ ಕೆತ್ತಿದ ಕಲ್ಲಿಗೆ ಹೇಳುವವರಿದ್ದಾರೆ. 1,900 ಮೀಟರಿಗೂ ಎತ್ತರ ನಿಂತಿರುವ, ಕರ್ನಾಟಕದಲ್ಲೇ ಎಲ್ಲಕ್ಕಿಂತ ಎತ್ತರದ ಬೆಟ್ಟಕ್ಕೆ ಯಾರಿದ್ದಾರೆ? ನಾವು ಇದ್ದೇವೆ. ಬ್ರಿಟಿಷರು ಸುರಂಗ ಮುಚ್ಚಿದ ಕಥೆ ಹೇಳಿಕೊಂಡು. ನಿಮ್ಮ ದಾಖಲೆಯಲ್ಲಿ ನಾವು ಬರೀ ಡ್ರೈವರುಗಳು ಇರಬಹುದು. ಬಂದ ಪ್ರವಾಸಿ ಇಡೀ ದಿನ ಮಾತಾಡುವುದು ನಮ್ಮ ಜೊತೆ ಮಾತ್ರ. ಬೋರ್ಡ್ ಓದುವವರನ್ನು ನಾನು 14 ವರ್ಷದಲ್ಲಿ ಬೆರಳಲ್ಲಿ ಎಣಿಸುವಷ್ಟು ನೋಡಿದ್ದೇನೆ, ಅದರಲ್ಲಿ ಅರ್ಧ ಜನ ಶೌಚಾಲಯದ ಬೋರ್ಡ್ ಓದಿದವರು.

ನಮಗೆ ಕಲಿಸಿ. ಎರಡು ದಿನ ಸಾಕು. ಒಂದು ದಿನ ಕೂರಿಸಿ ಹೇಳಿ, ಒಂದು ದಿನ ನಮ್ಮದೇ ಗಾಡಿಯಲ್ಲಿ ಗಿರಿ ಹತ್ತಿ ಕಲ್ಲು ತೋರಿಸಿ. ಭೂವಿಜ್ಞಾನ ಗೊತ್ತಿರುವವರು ಒಬ್ಬರು, ಗಿರಿಯ ಕಣಿವೆಗಳಲ್ಲಿ ಬೆಳೆಯುವ ಶೋಲಾ ಕಾಡು, ಹುಲ್ಲುಗಾವಲು ಗೊತ್ತಿರುವ ಅರಣ್ಯದವರು ಒಬ್ಬರು ಬಂದರೆ ಆಯಿತು. ದೊಡ್ಡ ದೊಡ್ಡ ಮಾತು ಬೇಡ. ಆ ಗೈಡ್ ನಿಂಬೆರಸದಲ್ಲಿ ಹೇಳಿದ ಹಾಗೆ, ನೀವು ತುಕ್ಕಿನಲ್ಲಿ ಹೇಳಿ, ನಮಗೆ ಅರ್ಥವಾಗುತ್ತದೆ. ನಮ್ಮಲ್ಲಿ ಎಸ್ಸೆಸ್ಸೆಲ್ಸಿ ದಾಟದವರು ಜಾಸ್ತಿ, ನಿಜ. ಆದರೆ ಗಾಡಿಯ ಶಬ್ದ ಕೇಳಿ ಯಾವ ಬೇರಿಂಗ್ ಹೋಗಿದೆ ಎಂದು ಹೇಳುವವರು. ಕಲಿಯಲು ಬರುತ್ತದೆ.

ಇದರಿಂದ ನಿಮಗೇನು ಲಾಭ ಎಂದು ಕೇಳಬಹುದು. ನನ್ನ ಮಗ ಜೇಬಿನಲ್ಲಿ ಕೈ ಇಟ್ಟುಕೊಂಡು ನಡೆದದ್ದನ್ನು ಹೇಳಿದೆನಲ್ಲ, ಅದೇ. ಬೇಲಂ ಊರಿನವರೇ ಒಂದು ಕಾಲಕ್ಕೆ ಆ ಗುಹೆಯನ್ನು ಕಸ ಸುರಿಯುವ ಗುಂಡಿ ಮಾಡಿಕೊಂಡಿದ್ದರಂತೆ. 1982ರ ಹೊತ್ತಿಗೆ ಡೇನಿಯಲ್ ಗೆಬಾವರ್ ಎಂಬವರ ಜರ್ಮನ್ ತಂಡ ಬಂದು ಒಳಗೆ ತೆವಳಿ ಅಳೆಯಿತು. ಆಮೇಲೆ ಊರಿನ ಕೆಲವರು ಹಟ ಹಿಡಿದು ಕಸ ನಿಲ್ಲಿಸಿದರು, ಸರ್ಕಾರದ ಬೆನ್ನು ಬಿದ್ದರು. ಜನರಿಗೆ ಗುಹೆ ತೆರೆದದ್ದು 2002ರಲ್ಲಿ. ಕಸ ಸುರಿದವರೂ ಕೆಟ್ಟವರಲ್ಲ, ಅದು ಏನೆಂದು ಅವರಿಗೆ ಯಾರೂ ಹೇಳಿರಲಿಲ್ಲ. ನಮ್ಮ ಗಿರಿಯ ತಿರುವುಗಳಲ್ಲಿ ಬಾಟಲಿ ಎಸೆಯುವವರಿಗೂ ಯಾರೂ ಹೇಳಿಲ್ಲ. ಬೈದವರು ಬೇಕಾದಷ್ಟು ಜನ ಇದ್ದಾರೆ, ನಾನೂ ಒಬ್ಬ.

ಬಂದ ಮೇಲೆ ನಾನು ಒಂದು ಪರೀಕ್ಷೆ ಮಾಡಿ ನೋಡಿದೆ. ಬೆಂಗಳೂರಿನ ಐದು ಜನ ಹುಡುಗರ ಪಾರ್ಟಿ. ಹಾಡು ಜೋರಾಗಿ ಹಾಕಿಕೊಂಡು ಕೂಗಾಡುತ್ತಿದ್ದರು. ಅದೇ ಹಿರಿಯರು ಗಾಡಿ ನಿಲ್ಲಿಸಿದ ಜಾಗದಲ್ಲಿ ನಿಲ್ಲಿಸಿ, ಒಂದು ಗೆರೆಕಲ್ಲು ತೋರಿಸಿ, 'ಇದು ಏನು ಹೇಳಿ ನೋಡೋಣ' ಎಂದೆ. ಒಬ್ಬೊಬ್ಬರೂ ಒಂದೊಂದು ಹೇಳಿದರು. ಒಬ್ಬ, 'ಮಳೆ ಹೊಡೆದು ಹಂಗಾಗಿದೆ ಅಣ್ಣ' ಅಂದ! ಆಮೇಲೆ ತುಕ್ಕಿನ ಕಥೆ ಹೇಳಿದೆ. ಹಾಡು ಆಫ್ ಮಾಡಿದ್ದು ಅವರೇ, ನಾನು ಹೇಳಲಿಲ್ಲ. ಇಳಿಯುವಾಗ ಆ ಮಳೆಯ ಹುಡುಗ, 'ಅಣ್ಣ, ಆ ಕಲ್ಲು ಒಂದು ತಗೊಂಡು ಹೋಗಲಾ?' ಎಂದು ಕೇಳಿದ. ಬೇಡ ಎಂದೆ. ಎನ್ನುವಾಗ ನನ್ನ ಡ್ಯಾಶ್‌ಬೋರ್ಡಿನ ಮೇಲೆ ಬೇಲಂನ ಆ ಬಿಳಿ ಚೂರು ಕೂತಿತ್ತು. ಈಗ ಅದನ್ನು ಒಂದು ಕವರಿಗೆ ಹಾಕಿ ಭಾವಮೈದನ ಕೈಗೆ ಕೊಟ್ಟಿದ್ದೇನೆ. ಮುಂದಿನ ಸಲ ಆ ಕಡೆ ಬಾಡಿಗೆ ಇದ್ದಾಗ ಗುಹೆಯ ಗೇಟಿನಲ್ಲಿ ಕೊಟ್ಟು ಬಾ ಎಂದು. ಅವನು ನನ್ನನ್ನು ನೋಡಿದ ನೋಟ ಈಗ ಬೇಡ.

ದಿನದ ವಿಷಯ ಒಂದಿದೆ. ನವೆಂಬರಿನಿಂದ ಜನವರಿ, ಏಪ್ರಿಲ್ ಮೇ ರಜೆ, ಈ ದಿನಗಳಲ್ಲಿ ಕರೆದರೆ ಒಬ್ಬರೂ ಬರುವುದಿಲ್ಲ, ಬಾಡಿಗೆ ಬಿಡಲು ಆಗುವುದಿಲ್ಲ. ಶನಿವಾರ, ಭಾನುವಾರ ಯಾವ ತಿಂಗಳಲ್ಲೂ ಬೇಡ. ಫೆಬ್ರವರಿ ಕೊನೆ, ಮಾರ್ಚ್ ಮೊದಲ ವಾರ ಮಕ್ಕಳ ಪರೀಕ್ಷೆ ಕಾಲ, ಗಾಡಿಗಳೆಲ್ಲ ಸ್ಟ್ಯಾಂಡಿನಲ್ಲೇ ನಿಂತಿರುತ್ತವೆ. ಆಗ ಒಂದು ಮಂಗಳವಾರ, ಬುಧವಾರ ಇಟ್ಟರೆ ನಮ್ಮ ಸ್ಟ್ಯಾಂಡಿನಿಂದಲೇ ಇಪ್ಪತ್ತು ಜನರನ್ನು ಕರೆತರುತ್ತೇನೆ. ಮಧ್ಯಾಹ್ನದ ಊಟ ನಿಮ್ಮದು. ಡೀಸೆಲ್ ನಮ್ಮದು.

ಇಂತಿ,
ಗಿರಿಗೆ ಜೀಪ್ ಓಡಿಸುವವನು
ಚಿಕ್ಕಮಗಳೂರು